ಲಗತ್ತಿನಲ್ಲಿಟ್ಟ ದನಿ

ಪಾಂಡವಪುರ, ಸೋಮವಾರ, ೬ ಜನವರಿ ೨೦೨೫

ಈ ದಿನ ಮೈಸೂರಿನ ಆಸ್ಪತ್ರೆಯ ವೈದ್ಯರು ನನ್ನ ಗಂಟಲಿನ ಪರೀಕ್ಷಾ ವರದಿಯನ್ನು ಪರಾಮರ್ಶಿಸಿ, ಧ್ವನಿಪೆಟ್ಟಿಗೆಯನ್ನು ಸಂಪೂರ್ಣವಾಗಿ ತೆಗೆಯದೆ ಅನ್ಯ ಮಾರ್ಗವಿಲ್ಲವೆಂದು ತೀರ್ಮಾನಿಸಿರುತ್ತಾರೆ. ಶಸ್ತ್ರಚಿಕಿತ್ಸೆಯು ಇದೇ ತಿಂಗಳಾಂತ್ಯದಲ್ಲಿ ನಡೆಯತಕ್ಕದ್ದು. ತದನಂತರ ಕೊರಳಿನ ಮುಂಭಾಗದ ರಂಧ್ರದ ಮೂಲಕ ಉಸಿರಾಡತಕ್ಕದ್ದು; ಮಾತು ಇರುವುದಿಲ್ಲ. ಸದರಿ ಸಂಗತಿಯನ್ನು ಯಾವುದೇ ಉದ್ವೇಗಕ್ಕೆ ಒಳಗಾಗದೆ ಇಲ್ಲಿ ದಾಖಲಿಸಿರುತ್ತೇನೆ.

ತಾಲ್ಲೂಕು ಕಚೇರಿಯ ಎದುರಿನ ಮರದಡಿ ಮೇಜು ಹಾಕಿಕೊಂಡು, ಅರ್ಜಿ ಬರೆದು ಬದುಕಿದವನು ನಾನು. ಹುಡುಗುತನದಲ್ಲಿ ಹಳೆಯ ಅರ್ಜಿಗಳನ್ನು ನಕಲು ಮಾಡುತ್ತ ಮಾಡುತ್ತ ಅವುಗಳ ವಾಕ್ಯಗಳು ನನ್ನವೇ ಆದವು. ನಾಲೆಯ ನೀರಿರಲಿ, ಪಹಣಿಯ ತಿದ್ದುಪಡಿಯಿರಲಿ, ಯಾರ ಗೋಳೇ ಆಗಲಿ ನನ್ನ ಕೈಯಿಂದ ಹೊರಟಾಗ ಅದಕ್ಕೊಂದು ಘನತೆ ಪ್ರಾಪ್ತವಾಗುತ್ತಿತ್ತು. ಬರೆದುದನ್ನು ಅರ್ಜಿದಾರನಿಗೆ ನಾನೇ ಗಟ್ಟಿಯಾಗಿ ಓದಿ ಹೇಳುತ್ತಿದ್ದೆ. ಆ ಕಂಠಕ್ಕೆ ಒಳಗಿನ ಗುಮಾಸ್ತರು ಲೇಖನಿ ನಿಲ್ಲಿಸಿ ಕಿಟಕಿಯಿಂದ ಇಣುಕುತ್ತಿದ್ದುದುಂಟು.

ಮಾತು ಹೋದರೂ ಬರವಣಿಗೆ ಉಳಿಯುತ್ತದಲ್ಲವೇ ಎಂದು ವೈದ್ಯರು ಸಮಾಧಾನ ಹೇಳಿದರು. ಅವರಿಗೆ ನನ್ನ ಮನೆಯ ಸ್ಥಿತಿ ತಿಳಿಯದು. ನನ್ನ ಧರ್ಮಪತ್ನಿ ಮಂಚಮ್ಮನಿಗೆ ಅಕ್ಷರ ಬಾರದು. ನಾನು ಬರೆದು ತೋರಿಸಿದರೆ ಓದುವವರು ಯಾರು?

ಗುರುವಾರ, ೯ ಜನವರಿ

ಸಾಯಂಕಾಲ ಅಹಮದ್ ಪಾಷಾ ತಮ್ಮ ಮಗಳು ಮಹೇಕ್‌ಳನ್ನು ಕರೆದುಕೊಂಡು ಬಂದಿದ್ದರು. ನನ್ನ ಮೇಜಿಗೆ ತಾಗಿಕೊಂಡಂತೆಯೇ ಅವರ ಜೆರಾಕ್ಸ್ ಅಂಗಡಿ. ನಾನು ಬರೆದುದರ ಪ್ರತಿಗಳೆಲ್ಲ ಅವರ ಯಂತ್ರದಿಂದಲೇ ಹೊರಬಂದವು. ಹುಡುಗಿಯು ಮೈಸೂರಿನ ಕಂಪನಿಯೊಂದಕ್ಕೆ ಮನೆಯಲ್ಲಿಯೇ ಕುಳಿತು ಮೊಬೈಲಿನ ಆ್ಯಪ್‌ಗಳನ್ನು ಸಿದ್ಧಪಡಿಸುವ ಕೆಲಸದಲ್ಲಿದ್ದಾಳೆ.

"ತಾತ, ನಿಮ್ಮ ದನಿ ಇರೋವಾಗ್ಲೇ ಬೇಕಾದ ಮಾತೆಲ್ಲ ರೆಕಾರ್ಡ್ ಮಾಡ್ಕೊಳ್ಳೋಣ. ಒಂದೊಂದು ಮಾತಿಗೂ ಫೋನಲ್ಲಿ ಒಂದೊಂದು ಬಟನ್. ಆಪರೇಷನ್ ಆದ್ಮೇಲೆ ನೀವು ಒತ್ತಿದ್ರೆ ನಿಮ್ಮ ದನಿಯಲ್ಲೇ ಮಾತಾಡುತ್ತೆ" ಎಂದಳು.

ಪ್ರಸ್ತಾವನೆಯು ಸಮಂಜಸವಾಗಿ ತೋರಿತು. ಆಮೇಲೆ ಅವಳೊಂದು ಪ್ರಶ್ನೆ ಕೇಳಿದಳು. ದನಿಯನ್ನು ಆ್ಯಪ್‌ನ ಒಳಗೇ ಸೇರಿಸಿ, ಅಲ್ಲಿಂದಲೇ ನುಡಿಯುವಂತೆ ಮಾಡಬೇಕೇ, ಅಥವಾ ದನಿಗಳನ್ನು ಫೋನಿನಲ್ಲಿ ಬೇರೆಯಾಗಿ ಇಟ್ಟು, ಬಟನ್ ಒತ್ತಿದಾಗ ಫೋನಿನಲ್ಲಿ ಮೊದಲೇ ಇರುವ ಹಾಡಿನ ಪ್ಲೇಯರ್ ತೆರೆದುಕೊಂಡು ನುಡಿಸುವಂತೆ ಮಾಡಬೇಕೇ? ಒಳಗೆ ಸೇರಿಸಿದರೆ, ಒಂದು ಮಾತು ತಿದ್ದಬೇಕಾದರೂ ಇಡೀ ಆ್ಯಪನ್ನು ಪುನಃ ಕಟ್ಟಿ ಫೋನಿಗೆ ಹಾಕಬೇಕಂತೆ. ಹೊರಗಿಟ್ಟರೆ ಆ ಒಂದನ್ನು ತೆಗೆದು ಇನ್ನೊಂದನ್ನಿಟ್ಟರಾಯಿತು.

ನಾನು ತಕ್ಷಣ ನಿರ್ಣಯ ನೀಡಿದೆ. ಅರ್ಜಿಯ ಒಡಲಿನಲ್ಲಿ ದಾಖಲೆಗಳನ್ನು ತುರುಕುವುದು ಅನಾಗರಿಕ ಪದ್ಧತಿ. ದಾಖಲೆಗಳ ಸ್ಥಾನ ಲಗತ್ತಿನಲ್ಲಿ. ಲಗತ್ತು ಒಂದು, ಲಗತ್ತು ಎರಡು ಎಂದು ಅನುಕ್ರಮವಾಗಿ ಪೋಣಿಸಿದ್ದರೆ ಯಾವ ಅಧಿಕಾರಿಯೂ ತಡಕಾಡಬೇಕಾಗಿಲ್ಲ. ದನಿಗಳೂ ಹಾಗೆಯೇ ಇರತಕ್ಕದ್ದು.

"ಹೊರಗಿನ ಪ್ಲೇಯರ್ ನಮ್ಮ ಮಾತು ಕೇಳಲ್ಲ ತಾತ, ಅದರ ಬುದ್ಧಿ ಅದಕ್ಕೆ. ಒಳಗೇ ಇಟ್ರೆ ನಾನು ಹೇಳ್ದಂಗೆ ಇರುತ್ತೆ."

"ಪದ್ಧತಿ ಎಂಬುದೊಂದಿದೆ, ಮಗು" ಎಂದೆ. ಅವಳು ಹಾಗೆಯೇ ಆಗಲೆಂದು ಒಪ್ಪಿದಳು.

ಶನಿವಾರ, ೧೮ ಜನವರಿ

ಧ್ವನಿಮುದ್ರಣ ಆರಂಭವಾಯಿತು. ನಡುಮನೆಯ ಕಿಟಕಿಗೆ ಕಂಬಳಿ ಕಟ್ಟಿ, ಫ್ಯಾನು ನಿಲ್ಲಿಸಿ, ಪಾಷಾ ಮತ್ತು ಮಹೇಕ್ ನನ್ನನ್ನು ಕುರ್ಚಿಯಲ್ಲಿ ಕೂರಿಸಿದರು. ಮಹೇಕ್ "ನೀರು ಬೇಕು", "ಸಾಕು", "ನೋವಾಗ್ತಿದೆ" ಎಂಬಂತಹ ತುಂಡುಗಳನ್ನು ಬರೆದು ತಂದಿದ್ದಳು. ಅವನ್ನು ಪಕ್ಕಕ್ಕಿರಿಸಿ ನನ್ನ ಕರಡನ್ನು ಓದಿದೆ.

"ಮಾನ್ಯರೇ, ಈ ಮೂಲಕ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ನನಗೆ ಬಾಯಾರಿಕೆ ಉಂಟಾಗಿದ್ದು, ದಯಾಪರರಾದ ತಾವು ಕುಡಿಯುವ ನೀರನ್ನು ಒದಗಿಸಿಕೊಡಬೇಕಾಗಿ ಪ್ರಾರ್ಥನೆ."

ಪಾಷಾ ಹಣೆ ಚಚ್ಚಿಕೊಂಡರು. "ಅರೆ ಅಣ್ಣಾ, ಇಷ್ಟು ಹೇಳಿ ಮುಗಿಸೋದ್ರೊಳಗೆ ಬಾವಿನೇ ತೋಡ್ಕೊಂಡು ಕುಡೀಬಹುದು!"

ಬಾಗಿಲಲ್ಲಿ ನಿಂತಿದ್ದ ಮಂಚಮ್ಮ ಕೇಳಿದಳು: "ಇದ್ನ ಯಾರ್ ಕುಟ್ಟೆ ಯೋಳ್ತಾವ್ರೆ?"

"ನಿನ್ನ ಬಳಿಯೇ" ಎಂದೆ.

"ನನ್ ಕುಟ್ಟೆನಾ? ನಾನೇನು ತಾಸೀಲ್ದಾರ್ರಾ?"

ಎಲ್ಲರೂ ನಕ್ಕರು. ನಾನು ನಗಲಿಲ್ಲ. ಕಂಠ ಇರುವಷ್ಟು ದಿನ ಅದನ್ನು ತಕ್ಕ ವಾಕ್ಯಗಳಲ್ಲಿ ಬಳಸಬೇಕೆಂಬುದು ನನ್ನ ಅಭಿಪ್ರಾಯ. ಮುಂದೆ ಕೇಳುವವರು ಚಿಕ್ಕಸ್ವಾಮಿ ಹೀಗೆ ಮಾತನಾಡುತ್ತಿದ್ದ ಎನ್ನಬೇಕೇ ಹೊರತು, "ನೀರು ಬೇಕು" ಎಂದು ಕೂಗುತ್ತಿದ್ದ ಎಂದಲ್ಲ. ಅಭಿನಂದನೆ, ಸಂತಾಪ, ಹಾಲಿನವನಿಗೆ ಎಚ್ಚರಿಕೆ, ಬಸ್ಸಿನ ವಿಚಾರಣೆ ಎಲ್ಲವನ್ನೂ ಕ್ರಮಬದ್ಧವಾಗಿ ಮುಗಿಸಿದೆ. ಮಧ್ಯೆ ಮಧ್ಯೆ ದನಿ ಒಡೆಯಿತು. ಮಹೇಕ್ ತಾಳ್ಮೆಯಿಂದ ಪುನಃ ಪುನಃ ಹೇಳಿಸಿದಳು.

ಸೋಮವಾರ, ೨೭ ಜನವರಿ

ನಾಳೆ ಆಸ್ಪತ್ರೆಗೆ ದಾಖಲಾಗತಕ್ಕದ್ದು.

ಊಟವಾದ ಮೇಲೆ ಮಂಚಮ್ಮ ತಟ್ಟೆ ಎತ್ತದೆ ಎದುರಿಗೇ ಕುಳಿತಿದ್ದಳು. "ಏನಾರ ಮಾತಾಡಿ" ಎಂದಳು. ಬೆಳಗಿನ ಮೊದಲ ಬಸ್ಸು ಎಲ್ಲಿ ನಿಲ್ಲುತ್ತದೆ, ಯಾವ ಚೀಲದಲ್ಲಿ ಯಾವ ಕಾಗದಪತ್ರವಿದೆ ಎಂಬುದನ್ನು ವಿವರಿಸಿದೆ. ಅವಳು ಕೊನೆಯವರೆಗೂ ಕೇಳಿ, "ಊಂ" ಎಂದು ಎದ್ದು ಹೋದಳು.

ಬುಧವಾರ, ೧೨ ಫೆಬ್ರವರಿ

ಮನೆಗೆ ಬಂದಾಯಿತು. ಇಷ್ಟು ದಿನ ಇಲ್ಲಿ ಏನನ್ನೂ ಬರೆಯಲಾಗಲಿಲ್ಲ.

ಮಗಳು ರಂಜಿತ ನಾಗಮಂಗಲದಿಂದ ಬಂದು ಆಸ್ಪತ್ರೆಯಲ್ಲಿ ಜೊತೆಗಿದ್ದು, ಇಂದು ಹಿಂದಿರುಗಿದಳು. ಕೊರಳಿನ ರಂಧ್ರವನ್ನು ಸ್ವಚ್ಛಗೊಳಿಸುವ ಕ್ರಮವನ್ನು ನರ್ಸ್ ಮಂಚಮ್ಮನಿಗೂ ನನಗೂ ಕಲಿಸಿರುತ್ತಾರೆ. ಕಫ ಗಟ್ಟಿಯಾದರೆ ಉಪ್ಪುನೀರಿನ ಹನಿ ಬಿಟ್ಟು, ಬಟ್ಟೆಯಲ್ಲಿ ತೆಗೆಯಬೇಕು. ತಡವಾಗಬಾರದು.

ಕೆಮ್ಮಿದರೂ ಸದ್ದಿಲ್ಲ.

ಗುರುವಾರ, ೨೭ ಫೆಬ್ರವರಿ

ಪ್ರಥಮ ಬಾರಿಗೆ ತಾಲ್ಲೂಕು ಕಚೇರಿಯ ಬಳಿಗೆ ಹೋಗಿದ್ದೆ. ಮಹೇಕ್ ಸಿದ್ಧಪಡಿಸಿದ ಆ್ಯಪ್ ತೆರೆದು ನಮಸ್ಕಾರದ ಬಟನ್ ಒತ್ತಿದೆ. ಪರದೆ ಬದಲಾಗಿ, ಪ್ಲೇಯರ್ ಬಂದು, ಒಂದು ಕ್ಷಣ ಸುತ್ತಿ, ಆಮೇಲೆ ನನ್ನ ದನಿ: "ಸಮಸ್ತರಿಗೂ ನನ್ನ ಗೌರವಪೂರ್ವಕ ವಂದನೆಗಳು." ಸುತ್ತಲಿನವರು ನಿಂತು ಕೇಳಿದರು. ಸ್ಟಾಂಪ್ ಮಾರುವವನು ಎದ್ದು ಕೈಮುಗಿದ. ಲಗತ್ತಿನ ವ್ಯವಸ್ಥೆಯು ತೃಪ್ತಿಕರವಾಗಿದೆ.

ಪ್ಲೇಯರನ್ನು ನಿಲ್ಲಿಸುವ ಗುಂಡಿ ಎಲ್ಲಿದೆಯೆಂದು ಮಾತ್ರ ಸ್ವಲ್ಪ ಹುಡುಕಬೇಕಾಯಿತು. ಪಾಷಾ ನಿಲ್ಲಿಸಿಕೊಟ್ಟರು.

ಶನಿವಾರ, ೮ ಮಾರ್ಚ್

ಕಿರಂಗೂರಿನ ಕರಿಯಪ್ಪ ತೀರಿಕೊಂಡರೆಂಬ ವಾರ್ತೆ ಬಂದು ಮಂಚಮ್ಮನೂ ನಾನೂ ಹೋಗಿದ್ದೆವು. ಅವರ ಜಮೀನಿನ ನಾಲೆ ನೀರಿನ ಅರ್ಜಿಗಳೆಲ್ಲ ನನ್ನ ಬರವಣಿಗೆ. ಈಗ ಡೇರಿಗೆ ಹಾಲು ಹಾಕುವ ದೊಡ್ಡ ಮನೆ ಅದು. ಮಂಚಮ್ಮ ಹೆಂಗಸರ ಜೊತೆ ಒಳಗೆ ಹೋದಳು. ಅಂಗಳದಲ್ಲಿ ಕರಿಯಪ್ಪನ ಮಗ ಲೋಕೇಶ್, ನೆಂಟರಿಷ್ಟರು. ನನ್ನನ್ನು ಕಂಡು ಜಾಗ ಬಿಟ್ಟರು.

ಸಂತಾಪದ ಬಟನ್ ಒತ್ತಿದೆ. "ಶ್ರೀಯುತರ ನಿಧನದ ವಾರ್ತೆಯಿಂದ ತೀವ್ರ ಮನೋವ್ಯಥೆಯುಂಟಾಗಿದ್ದು, ಅಗಲಿಕೆಯನ್ನು ಭರಿಸುವ ಶಕ್ತಿಯನ್ನು ಭಗವಂತನು ಕುಟುಂಬವರ್ಗಕ್ಕೆ ಕರುಣಿಸಲೆಂದು ಪ್ರಾರ್ಥಿಸುತ್ತೇನೆ." ಲೋಕೇಶ್ ಕಣ್ಣೊರೆಸಿಕೊಂಡ. ನಾನು ಫೋನನ್ನು ಜೇಬಿಗೆ ಇಳಿಸುತ್ತಿದ್ದಂತೆ ಜೇಬಿನೊಳಗಿಂದ ನನ್ನ ದನಿ ಪುನಃ ಎದ್ದಿತು:

"ತಾವು ಪೂರೈಸುತ್ತಿರುವ ಹಾಲಿನಲ್ಲಿ ನೀರಿನ ಅಂಶ ಹೆಚ್ಚಾಗಿರುವುದು ಕಂಡುಬಂದಿದ್ದು, ಈ ಬಗ್ಗೆ ತಕ್ಷಣ ಸಮಜಾಯಿಷಿ ನೀಡತಕ್ಕದ್ದು."

ಪ್ಲೇಯರಿಗೆ ಸಾವೂ ಒಂದೇ, ಹಾಲೂ ಒಂದೇ. ಒಂದು ಲಗತ್ತು ಮುಗಿದೊಡನೆ ಮುಂದಿನ ಲಗತ್ತು. ನಾನೇ ಪೋಣಿಸಿದ ಅನುಕ್ರಮ.

"ಏನ್ಲಾ ಇದು?" ಎಂದ ಯಾರೋ ಹಿಂದಿನಿಂದ. "ಸಾವಿನ ಮನೇಲಿ ಬಂದು ಹಾಲಿನ ತಂಟೆ ತೆಗೀತಾವ್ನಲ್ಲ!" ಲೋಕೇಶನ ಮುಖ ಕಪ್ಪಿಟ್ಟಿತು. "ನಮ್ಮಪ್ಪ ಒಂದಿನ ಹಾಲಿಗೆ ನೀರು ಉಯ್ದೋರಲ್ಲ, ಅಯ್ನೋರೆ." ಫೋನು ತೆಗೆದು ಎಲ್ಲೆಲ್ಲೋ ಒತ್ತಿದೆ. ನಿಲ್ಲುವ ಬದಲು ಬಸ್ಸಿನ ವಿಚಾರಣೆ ಆರಂಭವಾಯಿತು. ಹುಡುಗರು ನಕ್ಕುಬಿಟ್ಟರು. ಹಾಗಲ್ಲ ಎನ್ನಲು ನನ್ನಲ್ಲಿ ಏನೂ ಇರಲಿಲ್ಲ. ಕೈ ಅಲ್ಲಾಡಿಸಿದೆ, ಬಾಯಿ ತೆರೆದೆ.

ಮಂಚಮ್ಮ ಒಳಗಿಂದ ಓಡಿಬಂದು, ಫೋನನ್ನು ಕಿತ್ತು ಸೆರಗಿನಲ್ಲಿ ಸುತ್ತಿ ಅದುಮಿ ಹಿಡಿದುಕೊಂಡಳು. "ಮಿಸೀನು ಕೆಟ್ಟದೆ ಕಣಪ್ಪ ಲೋಕೇಸ, ಅವ್ರು ಅಂದದ್ದಲ್ಲ. ನಿಮ್ಮಪ್ಪಯ್ಯನ ಮ್ಯಾಲೆ ಅವ್ರಿಗೆ ಎಂತಾ ಗೌರ್ವ ಅಂತ ನಿಂಗೊತ್ತಿಲ್ವಾ?" ಸೆರಗಿನೊಳಗೆ ನನ್ನ ದನಿ ಇನ್ನೂ ಬಸ್ಸಿನ ವೇಳೆ ಕೇಳುತ್ತಿತ್ತು.

ಮಂಗಳವಾರ, ೧೧ ಮಾರ್ಚ್

ಫೋನನ್ನು ಬೀರುವಿನಲ್ಲಿಟ್ಟಿದ್ದೇನೆ.

ಶುಕ್ರವಾರ, ೧೪ ಮಾರ್ಚ್

ಬರೆಯತಕ್ಕ ಸಂಗತಿಗಳಿಲ್ಲ. ಮಂಚಮ್ಮ ಏನಾದರೂ ಕೇಳುತ್ತಾಳೆ. ನಾನು ತಲೆಯಾಡಿಸುತ್ತೇನೆ. ಹೌದು ಮತ್ತು ಇಲ್ಲ, ಇಷ್ಟರಲ್ಲಿ ಸಂಸಾರ ನಡೆಯುತ್ತಿದೆ. ಮಧ್ಯಾಹ್ನ ಅವಳು ಸಾರಿಗೆ ಉಪ್ಪು ಸಾಲದೇನೋ ಎಂದು ನನ್ನ ಮುಖ ನೋಡಿ ನೋಡಿ ಕೇಳಿದಳು. ಮೊದಲು ಹೌದೆಂದೆ, ಆಮೇಲೆ ಇಲ್ಲವೆಂದೆ. ಅವಳಿಗೆ ಏನೂ ತಿಳಿಯಲಿಲ್ಲ. ಹಾಗೆಯೇ ಉಂಡೆವು.

ಭಾನುವಾರ, ೧೬ ಮಾರ್ಚ್

ಪಾಷಾ ರಂಜಾನ್ ಉಪವಾಸದಲ್ಲಿದ್ದರೂ ಬಿಸಿಲಿನಲ್ಲಿ ನಡೆದು ಬಂದಿದ್ದರು, ಮಹೇಕ್ ಜೊತೆ. ಕಿರಂಗೂರಿನ ಸುದ್ದಿ ಪೇಟೆಯಲ್ಲೆಲ್ಲ ಹರಡಿದೆಯಂತೆ. "ಲೋಕೇಶ್ ಅಂಗಡಿಗೆ ಬಂದಿದ್ದ ಅಣ್ಣಾ. ಅವನಿಗೆ ಸಿಟ್ಟಿಲ್ಲ. ನಗ್ತಾನೇ ಇದ್ದ ಪಾಪ" ಎಂದರು. ನಕ್ಕನೆಂಬುದೇ ನನಗೆ ಹೆಚ್ಚು ನೋವು ತಂದಿತು.

ಮಹೇಕ್ "ನಾನು ಅವತ್ತೇ ಹೇಳಿದ್ದೆ" ಎನ್ನಲಿಲ್ಲ. ಫೋನನ್ನು ಬೀರುವಿನಿಂದ ತೆಗೆಸಿ ಮುಂದಿಟ್ಟುಕೊಂಡಳು. "ಒಳಗೇ ಸೇರಿಸ್ತೀನಿ ತಾತ. ಬಟನ್ ಒತ್ತಿದ್ರೆ ಅದೊಂದೇ ಮಾತು. ಮುಗಿದ್ಮೇಲೆ ಸುಮ್ನಾಗುತ್ತೆ. ಬೇರೆ ಯಾವ ಪ್ಲೇಯರೂ ಮಧ್ಯೆ ಬರಲ್ಲ. ಹಬ್ಬದೊಳಗೆ ಮುಗಿಸಿಕೊಡ್ತೀನಿ. ಆಗ್ಬಹುದಾ?"

ಪದ್ಧತಿಯ ಬಗ್ಗೆ ಬರೆದು ತೋರಿಸಲು ಲೇಖನಿ ಎತ್ತಿಕೊಂಡಿದ್ದೆ. ಬರೆಯಲಿಲ್ಲ. ತಲೆಯಾಡಿಸಿದೆ.

ಗುರುವಾರ, ೨೭ ಮಾರ್ಚ್

ಹೊಸ ಆ್ಯಪ್ ಬಂದಿದೆ. ಒತ್ತಿದ ತಕ್ಷಣ ಮಾತು. ಮುಗಿದ ಕೂಡಲೇ ಮೌನ. ಮಂಚಮ್ಮನೆದುರು ಬಾಯಾರಿಕೆಯ ವಾಕ್ಯ ನುಡಿಸಿದೆ. ಅವಳು ಕೊನೆಯವರೆಗೂ ಕೈಕಟ್ಟಿ ನಿಂತು, "ಈಗ ಏನ್ ತರ್ಬೇಕು?" ಎಂದಳು. ಕೈಯಿಂದ ಕುಡಿಯುವಂತೆ ತೋರಿಸಿದೆ. ನೀರು ತಂದಳು.

ಮತ್ತೆ ಮಾತು ಬಂದಿದೆಯೆಂಬ ಸಮಾಧಾನ.

ಬುಧವಾರ, ೨ ಏಪ್ರಿಲ್

ಅಕ್ಷರ ಸೊಟ್ಟಗಿದ್ದರೆ ಇರಲಿ.

ಬೆಳಿಗ್ಗೆ ಮಂಚಮ್ಮ ಹಿತ್ತಿಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ನಾನು ನಡುಮನೆಯಲ್ಲಿ. ಕೊರಳಿನ ರಂಧ್ರದಲ್ಲಿ ಕಫ ಗಟ್ಟಿಯಾಗಿ ಕುಳಿತುಬಿಟ್ಟಿತು. ಎಳೆದರೂ ಗಾಳಿ ಬರಲಿಲ್ಲ. ಉಪ್ಪುನೀರಿನ ಶೀಶೆ ಅಡಿಗೆಮನೆಯಲ್ಲಿ. ಏಳಲು ಹೋದೆ, ಕಾಲು ಮಡಚಿತು. ಫೋನು ಕೈಯಲ್ಲಿತ್ತು. ಒತ್ತಿದೆ.

ಆ್ಯಪ್ ಒಂದು ಕ್ಷಣವೂ ತಡಮಾಡಲಿಲ್ಲ. "ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ನನ್ನ ಶ್ವಾಸೋಚ್ಛ್ವಾಸಕ್ಕೆ ಅಡಚಣೆಯುಂಟಾಗಿರುವುದನ್ನು ತಮ್ಮ ಅವಗಾಹನೆಗೆ ತರಬಯಸುತ್ತಾ..." ಹಿತ್ತಿಲಲ್ಲಿ ಬಟ್ಟೆ ಒಗೆಯುವ ಸದ್ದು ನಿಲ್ಲಲಿಲ್ಲ. ಪುನಃ ಒತ್ತಿದೆ. ಅದೇ ಕಂಠ, ಅದೇ ಗಾಂಭೀರ್ಯ. ಕಣ್ಣು ಕತ್ತಲಿಡುತ್ತ ಬಂತು. ಮೇಲ್ಕಂಡ ವಿಷಯ ಯಾವುದು? ಇದನ್ನು ಬರೆದವನು ಉಸಿರು ಕಟ್ಟಿದಾಗ ಬರೆದಿರಲಿಲ್ಲ.

ಕಾಲಿನಿಂದ ಸ್ಟೂಲನ್ನು ಒದ್ದೆ. ಅದರ ಮೇಲಿದ್ದ ಚೊಂಬು ಉರುಳಿ ಹೊಸಿಲಿಗೆ ಬಡಿಯಿತು. ಆಗ ಬಂದಳು.

ಸೋಪಿನ ಕೈಯನ್ನು ಸೀರೆಗೆ ಒರೆಸಿಕೊಂಡು, ಹನಿ ಬಿಟ್ಟು, ಕಫ ತೆಗೆದಳು. ಗಾಳಿ ಒಳಗೆ ಹೋಯಿತು. ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಕುಳಿತಿದ್ದಳು.

"ಕೇಳುಸ್ತು ಕಣ್ರೀ ನಂಗೆ. ಪಕ್ಕದ್ ಮನೇಲಿ ರೇಡಿಯೋ ಆಕವ್ರೆ ಅಂದ್ಕಂಡೆ" ಎಂದು ಅತ್ತಳು. "ಉಸ್ರು ಕಟ್ತು ಅಂತ ಒಂದ್ಮಾತು ಅಂದಿದ್ರೆ ಓಡ್ಬರ್ತಿರ್ನಿಲ್ವಾ?"

ಶುಕ್ರವಾರ, ೪ ಏಪ್ರಿಲ್

ಮಂಚಮ್ಮನೇ ಹೋಗಿ ಮಹೇಕ್‌ಳನ್ನು ಕರೆತಂದಳು. ಚಿಕ್ಕ ಚಿಕ್ಕ ಮಾತುಗಳು ಬೇಕು ಎಂದಳು.

"ತಾತನ ದನಿ ಇನ್ನು ರೆಕಾರ್ಡ್ ಮಾಡೋಕಾಗಲ್ವಲ್ಲ ಅಜ್ಜಿ" ಎಂದಳು ಹುಡುಗಿ, ಮೆಲ್ಲಗೆ.

"ನಾನೇಳ್ತೀನಿ."

ಇಬ್ಬರೂ ಅವಳನ್ನು ನೋಡಿದೆವು.

"ಇವ್ರು ಊರೋರ್ ಮಾತ್ನೆಲ್ಲ ತಮ್ ಬಾಸೇಲಿ ಬರದ್ರು. ಯಾರಾರ ಬ್ಯಾಡ ಅಂದ್ರಾ? ಈಗ ಇವ್ರ್ ಮಾತ ನನ್ ಬಾಸೇಲಿ ನಾನೇಳ್ತೀನಿ. ಇವ್ರು ಒತ್ಲಿ, ನಂಗೆ ಅರ್ಥಾಯ್ತದೆ."

ಗಂಡಸಿನ ಕೈಯಲ್ಲಿ ಹೆಂಗಸಿನ ದನಿ ನುಡಿಯುವುದು ಸಮಂಜಸವಲ್ಲವೆಂದು ಕಾಗದದ ಮೇಲೆ ಬರೆದು ಮಹೇಕ್‌ಗೆ ಕೊಟ್ಟೆ. ಅವಳು ಹಿಂದೆಮುಂದೆ ನೋಡಿ ಅದನ್ನು ಗಟ್ಟಿಯಾಗಿ ಓದಿದಳು.

"ಉಸ್ರು ಕಟ್ಟೋದು ಸಮಂಜಸವಾ? ಕೇಳವ್ವ ಅವ್ರ್ನ" ಎಂದಳು ಮಂಚಮ್ಮ.

ಕಾಗದವನ್ನು ಹಿಂದಕ್ಕೆ ಪಡೆದು ಮಡಚಿಟ್ಟೆ.

ಭಾನುವಾರ, ೬ ಏಪ್ರಿಲ್

ಕಿಟಕಿಗೆ ಪುನಃ ಕಂಬಳಿ. ನನ್ನ ಕುರ್ಚಿಯಲ್ಲಿ ಮಂಚಮ್ಮ. ನಾನು ಗೋಡೆಗೊರಗಿ ಚಾಪೆಯ ಮೇಲೆ, ಪಕ್ಕದಲ್ಲಿ ಪಾಷಾ.

ಮೊದಮೊದಲು ಅವಳು ಫೋನಿಗೆ ಹೆದರಿ ಪಿಸುಗುಟ್ಟಿದಳು. "ಅಜ್ಜಿ, ನೀವೇ ತಾತ ಅಂದ್ಕೊಂಡು ಹೇಳಿ" ಎಂದಳು ಮಹೇಕ್. ಮಂಚಮ್ಮ ಬೆನ್ನು ನೆಟ್ಟಗೆ ಮಾಡಿದಳು. ಇಲ್ಲದ ಕನ್ನಡಕವನ್ನು ಮೂಗಿನ ಮೇಲೆ ಸರಿಪಡಿಸಿಕೊಂಡು, ಹುಬ್ಬು ಗಂಟಿಕ್ಕಿದಳು.

"ಲೇ ಮಂಚೀ, ಕಾಪಿ ತತ್ತಾ! ಎಲ್ಲೋದೆ? ಎಷ್ಟೊತ್ತಮ್ಮೀ?"

ಪಾಷಾ ನಕ್ಕು ನಕ್ಕು ಕಣ್ಣೀರು ಒರೆಸಿಕೊಂಡರು. "ಯಾ ಅಲ್ಲಾ! ಅಣ್ಣಾನೇ ಕೂತಂಗಿದೆ!"

ನನಗೂ ನಗು ಬಂತು. ಸದ್ದಿಲ್ಲದ ನಗು, ಭುಜ ಅಲ್ಲಾಡಿದ್ದನ್ನು ಅವಳು ನೋಡಿದಳು.

ಆಮೇಲೆ ಸರಾಗವಾಯಿತು. ಉಸ್ರು ಕಟ್ತು, ಓಡ್ಬಾ. ಖಾರ ಜಾಸ್ತಿ. ಬೆನ್ನು ನೋಯ್ತದೆ. ಸಾಕು ಬುಡು. ಪಾಷಾನ ಕರಿ. ನಾನು ಯಾವುದನ್ನೂ ಬರೆದುಕೊಡಬೇಕಾಗಲಿಲ್ಲ. ನನಗೆ ಯಾವಾಗ ಸಿಟ್ಟು ಬರುತ್ತದೆ, ಯಾವುದನ್ನು ಎರಡು ಸಲ ಕೇಳುತ್ತೇನೆ, ಯಾವ ನೋವನ್ನು ಹೇಳದೆ ಇಟ್ಟುಕೊಳ್ಳುತ್ತೇನೆ ಎಲ್ಲ ಅವಳಿಗೆ ಬಾಯಿಪಾಠ.

ಕೊನೆಯಲ್ಲಿ ಮಹೇಕ್, ಫೋನಿನಲ್ಲಿ ಜಾಗ ಕಡಿಮೆಯಿದೆ, ತಾತನ ಹಳೆಯ ರೆಕಾರ್ಡಿಂಗ್ ತೆಗೆಯಲೇ ಎಂದು ಕೇಳಿದಳು. ತೆಗೆ ಎಂದು ನಾನು ಕೈಮಾಡಿದೆ.

"ಅಳಿಸ್ಬ್ಯಾಡ ಕಣವ್ವ" ಎಂದಳು ಮಂಚಮ್ಮ. "ಅಷ್ಟುದ್ದ ಅವ್ರು ನನ್ ಕುಟ್ಟೆ ಎಂದ್ಲೂ ಮಾತಾಡಿಲ್ಲ. ಅರ್ಥಾಗ್ದಿದ್ರೆ ಏನಂತೆ, ದನಿ ಇರ್ಲಿ."

ಅವು ಈಗ ಮಹೇಕ್‌ಳ ಕಂಪ್ಯೂಟರಿನಲ್ಲಿವೆ. ಒಂದು ಪ್ರತಿ ರಂಜಿತಳ ಫೋನಿಗೂ ಹೋಯಿತು.

ಶುಕ್ರವಾರ, ೧೧ ಏಪ್ರಿಲ್

ಹೊಸ ಆ್ಯಪ್ ಹಾಕಿಕೊಟ್ಟು ಹೋದಳು ಮಹೇಕ್. ಬಟನ್‌ಗಳ ಮೇಲೆ ಮಂಚಮ್ಮನ ಮಾತನ್ನು ಹೇಳಿದ ಹಾಗೆಯೇ ಬರೆದಿದ್ದಾಳೆ. ಮೊದಲಾಗಿದ್ದರೆ ಕೆಂಪು ಶಾಯಿಯಲ್ಲಿ ತಿದ್ದುತ್ತಿದ್ದೆ.

ಸಂಜೆ ಒಬ್ಬನೇ ಕುಳಿತು ಒಂದೊಂದಾಗಿ ಓದಿಕೊಂಡು ಹೋದೆ. ತೀರಾ ಕೆಳಗೆ ಒಂದಿತ್ತು. ಅದನ್ನು ಹೇಳುವಾಗ ನಾನು ಅಲ್ಲಿರಲಿಲ್ಲ. ಕೊರಳು ಸ್ವಚ್ಛ ಮಾಡಿಕೊಳ್ಳಲು ಎದ್ದುಹೋಗಿದ್ದಾಗ ಹೇಳಿರಬೇಕು.

ಮಂಚಮ್ಮ ಹಾಲಿನ ಪಾತ್ರೆ ತೊಳೆದು ಒಳಗೆ ಹೋಗುತ್ತಿದ್ದಳು. ಒತ್ತಿದೆ.

"ಇಲ್ಲೇ ಒಸಿ ಕುಂತ್ಕೊ."

ತನ್ನದೇ ದನಿಗೆ ಅವಳು ಬೆಚ್ಚಿ ನಿಂತಳು. ನನ್ನ ಕಡೆ ನೋಡಿದಳು.

"ಯಾಕೆ?"

ಅದಕ್ಕೆ ಬಟನ್ ಇರಲಿಲ್ಲ. ಪಕ್ಕಕ್ಕೆ ಸರಿದು ಚಾಪೆಯ ಮೇಲೆ ಜಾಗ ಮಾಡಿದೆ. ಪಾತ್ರೆಯನ್ನು ಹೊಸಿಲ ಬಳಿ ಇಟ್ಟು, ಬಂದು ಕುಳಿತಳು.